ಟರ್ಬೊ ಕಿಟ್ ಕಟ್ಟುವವನ ನಾಲ್ಕು ಮಾತು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಹನ ಪುಟದಲ್ಲಿ ಸ್ಪೋರ್ಟ್ಸ್ ಕಾರಿಗೆ ಟರ್ಬೊ ಹಾಕಿಸುವ ಬಗ್ಗೆ ಬಂದ ಬರಹ ಓದಿದೆ. ಟರ್ಬೊ ಅಂದರೆ ಎಂಜಿನ್ನಿನಿಂದ ಹೊರಬರುವ ಹೊಗೆಯ ಬಲದಲ್ಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ. ಬರೆದವರಿಗೆ ಕಾರು ಅಂದರೆ ಹುಚ್ಚು ಪ್ರೀತಿ, ಓದುವಾಗಲೇ ಗೊತ್ತಾಗುತ್ತದೆ. ಆದರೆ ಎರಡು ಮಾತು ನನಗೆ ಹಿಡಿಸಲಿಲ್ಲ. ಟರ್ಬೊ ಕಿಟ್ (ಟರ್ಬೊ, ಪೈಪು, ಬೋಲ್ಟು ಎಲ್ಲ ಸೇರಿದ ಪೆಟ್ಟಿಗೆ) ತರಿಸಿಕೊಂಡರೆ ರಜೆಯ ದಿನ ಕೂತು ಬೋಲ್ಟ್ ಬಿಗಿದು ಮುಗಿಸಬಹುದು ಅಂತ ಬರೆದಿದ್ದಾರೆ. ವೆಲ್ಡಿಂಗ್ ಬರುವವರು ತಮ್ಮ ಕಾರಿಗೆ ಒಂದು ಕಿಟ್ ಮಾಡಿಕೊಂಡು, ಅದನ್ನೇ ಹತ್ತು ಮಾಡಿ ಮಾರಿದರೆ ಒಳ್ಳೆ ವ್ಯಾಪಾರ ಅಂತಲೂ ಬರೆದಿದ್ದಾರೆ. ನಾನು ವೆಲ್ಡರ್. ಕಿಟ್ ಕಟ್ಟಿ ಮಾರುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಸುಮ್ಮನಿರಲು ಆಗಲಿಲ್ಲ.

ನನ್ನ ಕಾರಿಗೆ ನಾನೇ ಟರ್ಬೊ ಕೂರಿಸಿದರೆ ಅದರ ಕಾಯಿಲೆ ಕಸಾಲೆ ಎಲ್ಲ ನನಗೆ ಗೊತ್ತು. ಪೈಪ್ ಎಲ್ಲೋ ತಾಗಿದರೆ ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟು ಜಾಗ ಮಾಡಿಕೊಳ್ಳುತ್ತೇನೆ. ಎಲ್ಲೋ ಸೋರಿದರೆ ಸಂಜೆ ಬಿಚ್ಚಿ ಸರಿ ಮಾಡುತ್ತೇನೆ. ಕಿಟ್ ಅಂದರೆ ಹಾಗಲ್ಲ. ಅದು ನಾನು ನೋಡೇ ಇಲ್ಲದ ಕಾರಿಗೆ, ನನಗೆ ಪರಿಚಯವೇ ಇಲ್ಲದ ಫಿಟ್ಟರ್ ಕೈಯಲ್ಲಿ, ನಾನು ಪಕ್ಕದಲ್ಲಿ ಇಲ್ಲದಾಗ ಕೂರಬೇಕು. ಕೂತ ಮೇಲೆ ವರ್ಷಗಟ್ಟಲೆ ಓಡಬೇಕು. ಕೆಲಸ ಎಲ್ಲಾ ಇರುವುದು ಇಲ್ಲಿ. ನಿಮ್ಮ ಬರಹದಲ್ಲಿ ಇದರ ಸುದ್ದಿಯೇ ಇಲ್ಲ.

ಮೊದಲು ಬಿಸಿಯ ವಿಷಯ ಹೇಳುತ್ತೇನೆ. ಪೆಟ್ರೋಲ್ ಎಂಜಿನ್ನಿನಿಂದ ಟರ್ಬೊಗೆ ಬರುವ ಹೊಗೆ ಪೂರ್ತಿ ಲೋಡ್‌ನಲ್ಲಿ 800ರಿಂದ 950 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಹೊಗೆಯನ್ನು ಸಿಲಿಂಡರುಗಳಿಂದ ಟರ್ಬೊಗೆ ಒಯ್ಯುವ ಪೈಪುಗಳ ಗುಚ್ಛ, ಅಂದರೆ ಮ್ಯಾನಿಫೋಲ್ಡ್, ಕೆಂಪಗೆ ಹೊಳೆಯುವುದು ಅದಕ್ಕೇ. ಈಗ ಅರ್ಧ ಮೀಟರ್ ಉದ್ದದ, 304 ಅನ್ನುವ ಜಾತಿಯ ಸ್ಟೇನ್‌ಲೆಸ್ ಪೈಪ್ ತಗೊಳ್ಳಿ. ಅದರ ಶಾಖ 700 ಡಿಗ್ರಿ ಏರಿದರೆ ಅದು 6 ಮಿಲಿಮೀಟರ್ ಆಸುಪಾಸು ಉದ್ದ ಆಗುತ್ತದೆ. ತಣ್ಣಗಾದಾಗ ಮತ್ತೆ ಕುಗ್ಗುತ್ತದೆ. ಪ್ರತಿ ಸಲ ಕಾರು ಓಡಿಸಿದಾಗಲೂ ಇದೇ ಆಟ. ಆ 6 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಒಂದು ತುದಿ ಸಿಲಿಂಡರ್ ಹೆಡ್‌ಗೆ ಬಿಗಿದಿದೆ, ಇನ್ನೊಂದು ತುದಿಯಲ್ಲಿ ಭಾರದ ಟರ್ಬೊ ನೇತಾಡುತ್ತಿದೆ. ಜಾಗ ಸಿಗದಿದ್ದರೆ ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಗಿರಾಕಿಗಳಿಗೆ ಇಷ್ಟವಾಗುವುದು ಹಾವಿನ ಹಾಗೆ ಸುತ್ತಿಕೊಂಡ, ಎಲ್ಲ ಒಂದೇ ಉದ್ದದ, ತೆಳು ಪೈಪುಗಳ ಮ್ಯಾನಿಫೋಲ್ಡ್. ಫೋಟೊದಲ್ಲಿ ಅದರ ಅಂದವೇ ಅಂದ. ನಾನು ಮಾಡಿ ಕೊಡುವುದು ದಪ್ಪ ಗೋಡೆಯ, ಗಿಡ್ಡ ಪೈಪಿನ, ನೋಡಲು ಸ್ವಲ್ಪ ಒರಟಾದ ಮ್ಯಾನಿಫೋಲ್ಡ್. ಅದರೊಳಗೆ ತುಂಬಬೇಕಾದ ಜಾಗ ಕಮ್ಮಿ, ಹಾಗಾಗಿ ಟರ್ಬೊ ಬೇಗ ಎಚ್ಚರವಾಗುತ್ತದೆ. ತುತ್ತತುದಿಯ ಆರ್‌ಪಿಎಂನಲ್ಲಿ ಪವರ್ ಸ್ವಲ್ಪ ಕಮ್ಮಿ ಇರಬಹುದು. ರಸ್ತೆ ಕಾರಿಗೆ ಅದರಿಂದ ನಷ್ಟವೇನೂ ಇಲ್ಲ. "ಇದೇನ್ರೀ, ನೀರಿನ ನಲ್ಲಿ ಪೈಪ್ ಇದ್ದ ಹಾಗಿದೆ" ಅಂದವರೂ ಇದ್ದಾರೆ. ಅನ್ನಲಿ ಬಿಡಿ.

ವೆಲ್ಡ್ ಮಾಡುವಾಗ ಫ್ಲೇಂಜ್, ಅಂದರೆ ಎಂಜಿನ್ನಿಗೆ ಬೋಲ್ಟ್ ಬಿಗಿಯುವ ಚಪ್ಪಟೆ ಪ್ಲೇಟ್, ಸೊಟ್ಟ ಆಗುತ್ತದೆ. 12 ಮಿಲಿಮೀಟರ್ ದಪ್ಪದ ಪ್ಲೇಟೇ ಆದರೂ ಬಾಳೆಕಾಯಿಯ ಥರ ಬಾಗುತ್ತದೆ. ಅದಕ್ಕೆ ಅಲುಗದಂತೆ ಹಿಡಿಯುವ ಜಿಗ್ ಬೇಕು. ಎಂಜಿನ್ ಹೆಡ್‌ನ ಅಳತೆಗೆ ಕೊರೆದ ದಪ್ಪ ಉಕ್ಕಿನ ಹಲಗೆಗೆ ಫ್ಲೇಂಜ್ ಬಿಗಿದು, ಪೈಪಿನ ಒಳಗಡೆಯೂ ಗಾಳಿ ತಾಗದಂತೆ ಆರ್ಗಾನ್ ಅನಿಲ ಹರಿಸಿ, ಟಿಗ್ ವೆಲ್ಡಿಂಗ್‌ನಲ್ಲಿ ಒಂದು ಕಡೆ ಸ್ವಲ್ಪ, ಎದುರು ಕಡೆ ಸ್ವಲ್ಪ ಅಂತ ವೆಲ್ಡ್ ಮಾಡಬೇಕು. ಪೂರ್ತಿ ಆರುವ ತನಕ ಬಿಚ್ಚಬಾರದು. ಆರಿದ ಮೇಲೆ ಮಿಲ್ಲಿಂಗ್ ಮೆಷಿನ್‌ನಲ್ಲಿ ಮುಖ ಸಪಾಟು ಮಾಡಿಸಬೇಕು. ಒಳಗೆ ಆರ್ಗಾನ್ ಬಿಡದಿದ್ದರೆ ವೆಲ್ಡ್‌ನ ಹಿಂಬದಿ ಕರಕಲಾಗಿ, ಸಕ್ಕರೆ ಹರಳಿನಂತೆ ಉದುರುವ ಪದರ ಬರುತ್ತದೆ. ಅದು ಎದ್ದು ಬಂದರೆ ನೇರ ಹೋಗುವುದು ಟರ್ಬೊ ಒಳಗೆ ಹೊಗೆ ತಿರುಗಿಸುವ ಟರ್ಬೈನ್ ಚಕ್ರಕ್ಕೆ. ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತಿರುತ್ತದೆ. ಒಂದು ಕಣ ತಗುಲಿದರೂ ಚಕ್ರದ ಎಲೆ ಮುರಿಯಬಹುದು. ಹೊರಗಿನಿಂದ ನೋಡುವವರಿಗೆ ಇದು ಯಾವುದೂ ಕಾಣುವುದಿಲ್ಲ. ಎರಡು ಮ್ಯಾನಿಫೋಲ್ಡ್ ಪಕ್ಕಪಕ್ಕ ಇಟ್ಟರೆ ಎರಡೂ ಫಳಫಳ ಹೊಳೆಯುತ್ತವೆ, ಅಲ್ವಾ?

ಇನ್ನು ಜಾಗದ ವಿಷಯ. ಒಂದೇ ಮಾದರಿಯ ಕಾರು ಅಂತ ನಾವು ಅಂದುಕೊಳ್ಳುತ್ತೇವೆ. ಒಂದು ದೇಶದಲ್ಲಿ ಸ್ಟೀರಿಂಗ್ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಎಕ್ಸಾಸ್ಟ್ ಇರುವ ಬದಿಯಲ್ಲೇ ಸ್ಟೀರಿಂಗ್ ರಾಡ್ ಇಳಿದಿದ್ದರೆ ಟರ್ಬೊದಿಂದ ಹೊಗೆ ಹೊರಗೊಯ್ಯುವ ಡೌನ್‌ಪೈಪ್‌ಗೆ ದಾರಿಯೇ ಇಲ್ಲ. ಒಂದರಲ್ಲಿ ಎಬಿಎಸ್ ಇದೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಎಸಿ ಕಂಪ್ರೆಸರ್ ಇದೆ. ಎಂಜಿನ್ ಕೂರುವ ಮೌಂಟಿನ ರಬ್ಬರ್ ಹಳತಾಗಿದ್ದರೆ ಗೇರ್ ಹಾಕಿ ಜೋರಾಗಿ ಒತ್ತಿದಾಗ ಇಡೀ ಎಂಜಿನ್ ಒಂದು ಕಡೆ ವಾಲುತ್ತದೆ. ನನ್ನ ಕಾರಿನಲ್ಲಿ ಬೆರಳು ತೂರುವಷ್ಟು ಜಾಗ ಇದ್ದದ್ದು ಆ ಕಾರಿನಲ್ಲಿ ಬ್ರೇಕ್ ಪೈಪಿಗೆ ತಾಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೊಸ ಮೌಂಟ್ ಹಾಕಿಸದೆ ಕಿಟ್ ಹಾಕಬೇಡಿ ಅಂತ ನನ್ನ ಕೈಪಿಡಿಯ ಮೊದಲ ಪುಟದಲ್ಲೇ ಇದೆ.

ಎಂಜಿನ್ ಯಾವುದು ಅನ್ನುವುದರ ಮೇಲೂ ಎಲ್ಲ ಬದಲಾಗುತ್ತದೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರ 1.6 ಲೀಟರ್ ಎಂಜಿನ್ನಿನ ಕಂಪ್ರೆಷನ್ 9.4:1, ಅಂದರೆ ಸಿಲಿಂಡರಿನ ಗಾಳಿಯನ್ನು 9.4ರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತುತ್ತದೆ. ಟರ್ಬೊ ಹಾಕುವವರಿಗೆ ಇದು ಕೊಂಚ ಉಸಿರಾಡಲು ಬಿಡುತ್ತದೆ. 2012ರಲ್ಲಿ ಬಂದ ಟೊಯೊಟಾ 86 ಮತ್ತು ಸುಬಾರು ಬಿಆರ್‌ಝಡ್ ಕಾರುಗಳಲ್ಲಿ ಅದು 12.5:1. ಅಲ್ಲಿ ಮೊದಲೇ ಬಿಗಿಯಾಗಿ ಒತ್ತಿದ ಗಾಳಿಯ ಮೇಲೆ ಟರ್ಬೊ ಇನ್ನಷ್ಟು ತುರುಕುತ್ತದೆ. ಪೆಟ್ರೋಲ್‌ನ ಆಕ್ಟೇನ್ (ತಾನಾಗಿ ಸಿಡಿಯದೆ ತಾಳುವ ಗುಣ) ಸ್ವಲ್ಪ ಕಮ್ಮಿಯಾದರೂ ಪಿಸ್ಟನ್ ಮೇಲೆ ಬಡಿತ ಶುರು. ಮೇಲಾಗಿ ಅದು ಬಾಕ್ಸರ್ ಎಂಜಿನ್, ಸಿಲಿಂಡರುಗಳು ಎರಡೂ ಕಡೆ ಅಡ್ಡ ಮಲಗಿರುತ್ತವೆ. ಎಕ್ಸಾಸ್ಟ್ ಬಾಯಿ ಕೆಳಗಡೆ. ಟರ್ಬೊವನ್ನು ಅಲ್ಲೇ ಕೆಳಗೆ ಕೂರಿಸಿದರೆ, ಅದರ ಬೇರಿಂಗಿಗೆ ಹೋದ ಎಂಜಿನ್ ಆಯಿಲ್ ತಾನಾಗಿ ವಾಪಸ್ ಇಳಿಯುವುದಿಲ್ಲ. ಒಂದೋ ಆಯಿಲ್ ಎಳೆಯಲು ಬೇರೆ ಪಂಪ್ ಇಡಬೇಕು, ಇಲ್ಲವೇ ಹೊಗೆಯನ್ನು ಪೈಪಿನಲ್ಲಿ ಮೇಲಕ್ಕೆ ತಂದು ಟರ್ಬೊ ಮೇಲೆ ಕೂರಿಸಬೇಕು.

ಈ ಆಯಿಲ್ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಫೋನ್ ಮಾಡಿ ಬೈಯುವವರಲ್ಲಿ ಹೆಚ್ಚಿನವರ ತಕರಾರು ಇದೇ. ಟರ್ಬೊ ಒಳಗೆ ಆಯಿಲ್ ಹೋಗುವುದು ಎಂಜಿನ್ನಿನ ಒತ್ತಡದಿಂದ, ಸಣ್ಣ ಪೈಪಿನಲ್ಲಿ. ಹೊರಗೆ ಬರುವಾಗ ಅದಕ್ಕೆ ಒತ್ತಡ ಇರುವುದಿಲ್ಲ. ನೊರೆಯಾಗಿ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹಾಗಾಗಿ ವಾಪಸ್ ಪೈಪ್ ದಪ್ಪ ಇರಬೇಕು, ಕೆಳಮುಖವಾಗಿಯೇ ಇರಬೇಕು, ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್‌ನಲ್ಲಿ ಆಯಿಲ್ ನಿಲ್ಲುವ ಮಟ್ಟಕ್ಕಿಂತ ಮೇಲೆ ಸೇರಬೇಕು. ಎಂಎಕ್ಸ್-5ಕ್ಕೆ ಅಂತಾದರೆ ಸಂಪ್ ಕೊರೆದು ಅಲ್ಲೊಂದು ಫಿಟ್ಟಿಂಗ್ ಕೂರಿಸುತ್ತೇವೆ. ಪೈಪ್ ಎಲ್ಲಾದರೂ ಜೋತುಬಿದ್ದರೆ ಅಲ್ಲಿ ಆಯಿಲ್ ನಿಂತು ಹಿಂದಕ್ಕೆ ತುಂಬುತ್ತದೆ. ಟರ್ಬೊದ ಸೀಲ್ ರಬ್ಬರಿನದಲ್ಲ, ಪಿಸ್ಟನ್ ರಿಂಗ್ ಥರದ ಸಣ್ಣ ಲೋಹದ ಬಳೆ. ಅದು ನಿಂತ ಆಯಿಲನ್ನು ತಡೆಯುವುದಿಲ್ಲ. ಹಿಂದಿನಿಂದ ನೀಲಿ ಹೊಗೆ ಬರುತ್ತದೆ. "ಟರ್ಬೊ ಸೀಲ್ ಹೋಯ್ತು" ಅಂತ ಹೊಸ ಟರ್ಬೊ ತರಿಸುತ್ತಾರೆ. ಹಾಕಿದ ಮೇಲೆ ಅದೂ ಹೊಗೆ ಬಿಡುತ್ತದೆ. ಆಮೇಲೆ ಮಾರಿದವನಿಗೆ ಬೈಗುಳ.

ನಿಮ್ಮ ಬರಹದಲ್ಲಿ "ಅರ್ಧ ಬಾರ್ ಬೂಸ್ಟ್‌ಗೆ ಅರ್ಧದಷ್ಟು ಹೆಚ್ಚು ಪವರ್" ಅಂತ ಲೆಕ್ಕ ಕೊಟ್ಟಿದ್ದಾರೆ. ಬೂಸ್ಟ್ ಅಂದರೆ ಹೊರಗಿನ ಗಾಳಿಗಿಂತ ಟರ್ಬೊ ಹೆಚ್ಚು ಕೊಡುವ ಒತ್ತಡ, ಬಾರ್ ಅದರ ಅಳತೆ. ಕಾಗದದ ಮೇಲೆ ಸರಿ. ಆದರೆ ಗಾಳಿ ಒತ್ತಿದರೆ ಬಿಸಿಯಾಗುತ್ತದೆ. 27 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್ ಒತ್ತಿದರೆ, ಟರ್ಬೊದ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್ 70 ಪರ್ಸೆಂಟ್ ಚೆನ್ನಾಗಿ ಕೆಲಸ ಮಾಡಿದರೂ ಅದು 80 ಡಿಗ್ರಿ ಹತ್ತಿರ ಬರುತ್ತದೆ. ಬಿಸಿ ಗಾಳಿ ಹಗುರ. ಅದಕ್ಕೇ ಗಾಳಿ ತಣಿಸುವ ಇಂಟರ್‌ಕೂಲರ್. ಅದನ್ನು ರೇಡಿಯೇಟರ್ ಮುಂದೆ ಇಟ್ಟರೆ ರೇಡಿಯೇಟರ್‌ಗೆ ಗಾಳಿ ಕಮ್ಮಿ, ಎಂಜಿನ್ ಕಾಯುತ್ತದೆ. ಹೀಗೆ ಒಂದನ್ನು ಮುಟ್ಟಿದರೆ ಇನ್ನೊಂದು ಏಳುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲ್ ಬೇಕು, ಹಾಗಾಗಿ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ದೊಡ್ಡ ಪಂಪ್. ಸ್ಪಾರ್ಕ್ ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು; ಕಿಡಿ ಹಾರುವ ಗ್ಯಾಪ್ ಕಮ್ಮಿ. ಇದೆಲ್ಲ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಕಿಟ್ ಅನ್ನುವುದು ಹೇಗೆ?

ವೇಸ್ಟ್‌ಗೇಟ್ ಬಗ್ಗೆ ಬರಹದಲ್ಲಿ ಒಂದು ಸಾಲೂ ಇಲ್ಲ. ಹೆಚ್ಚಾದ ಹೊಗೆಯನ್ನು ಟರ್ಬೈನ್ ಪಕ್ಕದಿಂದ ಹೊರಗೆ ಬಿಡುವ ಬಾಗಿಲು ಅದು. ಅದರ ಪೈಪ್ ಸಣ್ಣದಿದ್ದರೆ ಅಥವಾ ಹೊಗೆ ಹರಿಯುವ ದಿಕ್ಕಿಗೆ ಅಡ್ಡವಾಗಿ ಕೂತಿದ್ದರೆ, ಬಾಗಿಲು ಪೂರ್ತಿ ತೆರೆದರೂ ಬೂಸ್ಟ್ ಏರುತ್ತಲೇ ಹೋಗುತ್ತದೆ. ಬಿಸಿಲಿನಲ್ಲಿ ಪರೀಕ್ಷೆ ಮಾಡಿದರೆ ಇದು ಗೊತ್ತಾಗದೆ ಹೋಗಬಹುದು. ಚಳಿ ಗಾಳಿ ದಟ್ಟ, ಆಗ ಬಣ್ಣ ಬಯಲಾಗುತ್ತದೆ. ಹೊಸ ವಿನ್ಯಾಸ ಮಾಡಿದಾಗ ನಾನು ಅದನ್ನು ಚಳಿ ಬರುವ ತನಕ ಮಾರುವುದಿಲ್ಲ. ನಸುಕಿನಲ್ಲಿ, ಖಾಲಿ ರೇಸ್ ಟ್ರ್ಯಾಕ್‌ನಲ್ಲಿ, ಟಾಪ್ ಆರ್‌ಪಿಎಂ ತನಕ ಎಳೆದು ನೋಡಬೇಕು. ವ್ಯಾಪಾರಕ್ಕೆ ಇದು ನಷ್ಟವೇ, ಇಲ್ಲ ಅನ್ನುವುದಿಲ್ಲ.

ಹೆಚ್ಚಿನ ಸಲ ಎಂಜಿನ್ ಸುಟ್ಟು ಹೋಗುವುದು ಟ್ಯೂನಿಂಗ್‌ನಲ್ಲಿ, ಅಂದರೆ ಪೆಟ್ರೋಲ್ ಮತ್ತು ಕಿಡಿಯ ಲೆಕ್ಕ ಹೊಂದಿಸುವುದರಲ್ಲಿ. ಒಂದು ಭಾಗ ಪೆಟ್ರೋಲ್‌ಗೆ ತೂಕದಲ್ಲಿ 14.7 ಭಾಗ ಗಾಳಿ ಅನ್ನುವುದು ಮಾಮೂಲಿ ಲೆಕ್ಕ. ಪೂರ್ತಿ ಬೂಸ್ಟ್‌ನಲ್ಲಿ ಅದನ್ನು 11.5ರಿಂದ 12ಕ್ಕೆ ಇಳಿಸುತ್ತೇವೆ, ಕಿಡಿಯನ್ನೂ ತಡ ಮಾಡುತ್ತೇವೆ. ಕಾರಿನಲ್ಲಿ ಕಂಪನಿ ಇಟ್ಟ ಕಂಪ್ಯೂಟರ್‌ಗೆ ಬೂಸ್ಟ್ ಅಂದರೇನು ಅಂತಲೇ ಗೊತ್ತಿರುವುದಿಲ್ಲ. ಎಷ್ಟೋ ಟರ್ಬೊ ಇಲ್ಲದ ಕಾರುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಹೊರಗಿನ ಗಾಳಿಯ ಒತ್ತಡದ ತನಕ ಮಾತ್ರ ಅಳೆಯುತ್ತದೆ. ಅದರಾಚೆ ಅದು ಕುರುಡು. ನಾನು ಕಿಟ್ ಜೊತೆ ಒಂದು ಮ್ಯಾಪ್, ಅಂದರೆ ಪೆಟ್ರೋಲ್ ಮತ್ತು ಕಿಡಿಯ ಲೆಕ್ಕದ ಪಟ್ಟಿ, ಕೊಡುತ್ತೇನೆ. ಅದು ಕಾರನ್ನು ಸ್ಟಾರ್ಟ್ ಮಾಡಿ, ಮೆಲ್ಲಗೆ ಟ್ಯೂನರ್ ಹತ್ತಿರ ಓಡಿಸಿಕೊಂಡು ಹೋಗಲು ಮಾತ್ರ. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಆದರೂ ಅದರಲ್ಲೇ ರೇಸ್ ಬಿಡುವವರು ಇದ್ದಾರೆ.

ಇದು ಹೊಸ ಕಥೆಯೇನೂ ಅಲ್ಲ. 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅನ್ನುವ ಕಾರು ಟರ್ಬೊ ಜೊತೆ ಬಂತು. ಕಾರ್ಖಾನೆಯಿಂದಲೇ ಟರ್ಬೊ ಹೊತ್ತು ಬಂದ ಮೊದಲ ಕಾರುಗಳಲ್ಲಿ ಅದೂ ಒಂದು. 3.5 ಲೀಟರ್ ವಿ8, 215 ಹಾರ್ಸ್‌ಪವರ್, ಕಂಪ್ರೆಷನ್ 10.25:1. ಅಷ್ಟು ಕಂಪ್ರೆಷನ್‌ಗೆ ಬಡಿತ ಬರದಂತೆ ನೀರು, ಮೆಥನಾಲ್ ಸೇರಿಸಿದ ಒಂದು ದ್ರವವನ್ನು ಎಂಜಿನ್‌ಗೆ ಊಡಿಸುತ್ತಿದ್ದರು. ಅದಕ್ಕೆ ಬೇರೆ ಟ್ಯಾಂಕ್. ಖಾಲಿಯಾದರೆ ಬೂಸ್ಟ್ ತಾನಾಗಿ ಇಳಿಯುವ ವ್ಯವಸ್ಥೆಯೂ ಇತ್ತು. ಎಂಜಿನಿಯರುಗಳು ಎಲ್ಲ ಯೋಚಿಸಿದ್ದರು. ಆದರೆ ಕಾರು ಕೊಂಡವರಲ್ಲಿ ಎಷ್ಟೋ ಜನ ಟ್ಯಾಂಕ್ ತುಂಬಿಸಲೇ ಇಲ್ಲ. ಕಾರಿಗೆ ಶಕ್ತಿಯೇ ಇಲ್ಲ ಅಂತ ದೂರು. ಮಾದರಿ 1963ಕ್ಕೇ ನಿಂತಿತು. ಆಮೇಲೆ ಎಷ್ಟೋ ಕಾರುಗಳಲ್ಲಿ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬುರೇಟರ್ ಹಾಕಿಕೊಟ್ಟರು. ಅಷ್ಟು ದೊಡ್ಡ ಕಂಪನಿಯ ಗಿರಾಕಿಗಳ ಗತಿ ಇದಾದರೆ, ಶೆಡ್‌ನಲ್ಲಿ ಕೂತ ನನ್ನಂಥವನು ಎಷ್ಟು ಹುಷಾರಾಗಿರಬೇಕು ನೋಡಿ.

ಈಗ ಮಾರಾಟಕ್ಕೆ ಬರೋಣ. "ಹತ್ತು ಜನರಿಂದ ಮುಂಗಡ ತಗೊಂಡರೆ ಬಂಡವಾಳ ಬಂತು" ಅಂತ ನಿಮ್ಮ ಬರಹಗಾರರು ಸಲಹೆ ಕೊಟ್ಟಿದ್ದಾರೆ. ಈ ದಂಧೆಯಲ್ಲಿ ಜನ ಮುಳುಗುವುದೇ ಹೀಗೆ. ಒಂದು ಕಾರಿಗೆ ಮಾಡಿದ ಕಿಟ್‌ನ ಫೋಟೊ ತೋರಿಸುತ್ತಾರೆ. ಕಡಿಮೆ ಬೆಲೆ ಹೇಳುತ್ತಾರೆ, ಯಾಕಂದರೆ ಲೆಕ್ಕ ಹಾಕಿದ್ದು ಟರ್ಬೊ ಮತ್ತು ಪೈಪಿಗೆ ಮಾತ್ರ. ಕ್ಲ್ಯಾಂಪ್, ಗ್ಯಾಸ್ಕೆಟ್, ಸ್ಟಡ್, ತಾಮ್ರದ ವಾಷರ್, ಹಾಳಾದ ಫ್ಲೇಂಜ್, ಜಿಗ್, ಫೋನಿನಲ್ಲಿ ಕಳೆಯುವ ಸಂಜೆ, ಯಾವುದೂ ಲೆಕ್ಕದಲ್ಲಿ ಇರುವುದಿಲ್ಲ. ಮುಂಗಡದಲ್ಲಿ ಮೊದಲ ಇಬ್ಬರಿಗೆ ಕಿಟ್ ಹೋಗುವಷ್ಟರಲ್ಲಿ ಉಳಿದವರ ದುಡ್ಡು ಮುಗಿದಿರುತ್ತದೆ. ಎಲ್ಲರೂ ಮೋಸ ಮಾಡಲೆಂದೇ ಶುರು ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಒಳ್ಳೆ ವೆಲ್ಡರುಗಳೇ ಹೀಗೆ ಕೆಟ್ಟ ಹೆಸರು ತಗೊಂಡು ಮೂಲೆ ಸೇರಿದ್ದಾರೆ. ನಾನು ಸಾಮಾನೆಲ್ಲ ಕಪಾಟಿಗೆ ಬಂದ ಮೇಲೆಯೇ ದುಡ್ಡು ತಗೊಳ್ಳುವುದು. ಒಂದು ಸಲಕ್ಕೆ ಕೆಲವೇ ಕಿಟ್. ಕಾಯಲು ಆಗದವರು ಬೇರೆ ಕಡೆ ಹೋಗುತ್ತಾರೆ, ಹೋಗಲಿ.

ಪೆಟ್ಟಿಗೆ ಕಟ್ಟುವುದು ನನ್ನ ಹೆಂಡತಿ. ಬೋಲ್ಟ್, ವಾಷರ್ ತುಂಬಿದ ಪ್ರತಿ ಚಿಕ್ಕ ಚೀಲವನ್ನೂ ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ತೂಗುತ್ತಾಳೆ. ತೂಕದಲ್ಲಿ ಒಂದೆರಡು ಗ್ರಾಂ ಕಮ್ಮಿ ಬಂದರೆ ಒಂದು ವಾಷರ್ ಬಿಟ್ಟುಹೋಗಿದೆ ಅಂತ ಲೆಕ್ಕ. ಆ ವಾಷರ್ ಇಲ್ಲದೆ ಆಯಿಲ್ ಪೈಪ್ ಬಿಗಿದರೆ ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ತೊಟ್ಟಿಕ್ಕುತ್ತದೆ, ಬೆಂಕಿ ಹತ್ತಲು ಅಷ್ಟು ಸಾಕು. ಕೈಪಿಡಿಯನ್ನೂ ಅವಳೇ ತಿದ್ದುತ್ತಾಳೆ. "ನೀವು ಬರೆದಿದ್ದು ನಿಮಗೆ ಮಾತ್ರ ಅರ್ಥ ಆಗುತ್ತೆ" ಅನ್ನುವುದು ಅವಳ ದೂರು. ಅದಕ್ಕೇ ಹೊಸ ಕೈಪಿಡಿ ಆದಾಗ, ಈ ಕಿಟ್ ಕಂಡೇ ಇರದ ಒಬ್ಬ ಫಿಟ್ಟರ್ ಕೈಗೆ ಕೊಟ್ಟು ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಅವನು ತಲೆ ಕೆರೆದುಕೊಂಡ ಕಡೆಯೆಲ್ಲ ಮತ್ತೆ ಬರೆಯಬೇಕು.

ಕಿಟ್ ಕೇಳಿದವರಿಂದ ಮೊದಲು ಕಂಪ್ರೆಷನ್ ಟೆಸ್ಟ್ ಅಂಕಿ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅನ್ನುವ ಲೆಕ್ಕ, ತರಿಸಿಕೊಳ್ಳುತ್ತೇನೆ. ನಾಲ್ಕು ಸಿಲಿಂಡರ್ ನಡುವೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಾರುವುದಿಲ್ಲ. ಮೊದಲು ಎಂಜಿನ್ ಸರಿ ಮಾಡಿಸಿ ಅನ್ನುತ್ತೇನೆ. ಎಂಜಿನ್ ಹೋದರೆ ನನ್ನ ಗ್ಯಾರಂಟಿ ಇಲ್ಲ, ನಾನು ವೆಲ್ಡ್ ಮಾಡಿದ್ದು ಬಿರುಕು ಬಿಟ್ಟರೆ ಹೊಸದು ಕೊಡುತ್ತೇನೆ. ಇಷ್ಟನ್ನು ದುಡ್ಡು ತಗೊಳ್ಳುವ ಮೊದಲೇ ಹೇಳುತ್ತೇನೆ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬರೀ ಪೈಪ್ ಹಾಕಿಕೊಡಿ ಅಂದವರಿಗೂ ಇಲ್ಲ ಅನ್ನುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಿಟ್ ರಸ್ತೆಗೆ ಇಳಿಯಬೇಕಾದರೆ ಹೊಗೆ ಹೆಚ್ಚುವುದಿಲ್ಲ ಅಂತ ಪರೀಕ್ಷೆ ಮಾಡಿಸಿ ಸರ್ಕಾರದ ಮಂಡಳಿಯಿಂದ ನಂಬರ್ ಪಡೆಯಬೇಕು. ಜರ್ಮನಿಯಲ್ಲೂ ಭಾಗ ಬದಲಿಸಿದರೆ ತಪಾಸಣೆ ಕಾಗದ ಬೇಕು. ಕೊಳ್ಳುವವರು ತಮ್ಮ ಕಡೆಯ ನಿಯಮ ತಿಳಿದೇ ಕೊಳ್ಳಲಿ.

ಹಾರ್ಸ್‌ಪವರ್ ಅಂಕಿಯ ಬಗ್ಗೆ ಒಂದೇ ಮಾತು. ಅದನ್ನು ಕಾರಿನ ಚಕ್ರದಲ್ಲಿ ಅಳೆದದ್ದೋ, ಎಂಜಿನ್ನಿನಲ್ಲಿ ಅಂತ ಲೆಕ್ಕ ಹಾಕಿದ್ದೋ, ಯಾವ ಪೆಟ್ರೋಲ್, ಎಷ್ಟು ಬೂಸ್ಟ್ ಅಂತ ಹೇಳದೆ ಅಂಕಿ ಅಚ್ಚು ಹಾಕಬೇಡಿ. ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಗ್ರಾಫ್ ಸಿಕ್ಕರೆ ಅದನ್ನೂ ಹಾಕಿ. ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ ಗೋಡೆಯ ಹಾಗೆ ಎದ್ದಿದ್ದರೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುವ ಕಾಲ ದೂರವಿಲ್ಲ ಅಂತ ತಿಳಿದವರು ಓದಿಕೊಳ್ಳುತ್ತಾರೆ.

ಇನ್ನೊಂದು ತುರ್ತು ವಿಷಯ. ಬರಹದ ಜೊತೆ ನೀವು ಹಾಕಿದ ದೊಡ್ಡ ಫೋಟೊದಲ್ಲಿ ಟರ್ಬೊ ಕೆಳಗೆ ಒಂದು ಕಪ್ಪು ಹೋಸ್ ಕಾಣುತ್ತದೆ. ಅದೇ ಆಯಿಲ್ ವಾಪಸ್ ಹೋಗುವ ಪೈಪ್. ಅದು ಉದ್ದ ಜಾಸ್ತಿಯಾಗಿ ಕೆಳಗೆ ಜೋತುಬಿದ್ದು, ಮತ್ತೆ ಮೇಲೇರಿ ಸಂಪ್ ಸೇರಿದೆ. ಡೌನ್‌ಪೈಪ್‌ಗೂ ತೀರಾ ಹತ್ತಿರ ಇದೆ. ಕಾರಿನ ಯಜಮಾನರು ಯಾರು ಅಂತ ನಿಮ್ಮ ಬರಹಗಾರರಿಗೆ ಗೊತ್ತಿರುತ್ತದೆ. ದಯವಿಟ್ಟು ಅವರಿಗೆ ತಿಳಿಸಿ. ಹೋಸನ್ನು ಕತ್ತರಿಸಿ ಗಿಡ್ಡ ಮಾಡಿಸಲಿ, ಶಾಖ ತಡೆಯುವ ತೋಳು ಹಾಕಿಸಲಿ. ಅಷ್ಟು ಮಾಡಿಸುವ ತನಕ ಕಾರು ಜೋರಾಗಿ ಓಡಿಸುವುದು ಬೇಡ. ಈಗಾಗಲೇ ನೀಲಿ ಹೊಗೆ ಬರುತ್ತಿದ್ದರೆ ಟರ್ಬೊ ಬದಲಾಯಿಸುವ ಮೊದಲು ಈ ಹೋಸ್ ಸರಿ ಮಾಡಿಸಿ ನೋಡಲಿ.

ಇತಿ ನಿಮ್ಮ ಓದುಗ,
ಟರ್ಬೊ ಕಿಟ್ ಕಟ್ಟುವ ಒಬ್ಬ ವೆಲ್ಡರ್